ಆಟದ ರಾತ್ರಿಯ ಎರಡು ಪಾಲು

ಮಾಣಿಯಿಂದ ಪುತ್ತೂರಿನ ಮಾರ್ಗವಾಗಿ ಮಡಿಕೇರಿಯತ್ತ ಏರುವ ಹೆದ್ದಾರಿಯಲ್ಲಿ, ಸುಳ್ಯ ಪೇಟೆಗೆ ಕೆಲವೇ ಮೈಲಿ ಈಚೆಗೆ ಜಾಲ್ಸೂರು ಎಂಬ ಊರಿದೆ. ಇಲ್ಲಿಂದ ಒಂದು ಮಾರ್ಗ ಕವಲೊಡೆದು ಆದೂರು, ಮುಳ್ಳೇರಿಯಾಗಳನ್ನು ಹಾದು ಕಾಸರಗೋಡಿಗೆ ಹೋಗುತ್ತದೆ. ಸುಳ್ಯವನ್ನು ಬಳಸಿ ಬಂದ ಪಯಸ್ವಿನಿಯೂ ಅದೇ ದಿಕ್ಕನ್ನು ಹಿಡಿದು, ಕಾಸರಗೋಡಿನಲ್ಲಿ ಚಂದ್ರಗಿರಿ ಎನಿಸಿಕೊಂಡು ಕಡಲನ್ನು ಸೇರುತ್ತದೆ. ಇಲ್ಲಿನವರು ಮನೆಯಲ್ಲಿ ತುಳುವನ್ನಾಡುವರು, ಅರೆಭಾಷೆಯನ್ನಾಡುವರು, ಹವ್ಯಕರ ನುಡಿಯನ್ನೋ ಮಲಯಾಳವನ್ನೋ ಆಡುವವರೂ ಉಂಟು. ಆದರೆ ಕೊಯ್ಲಾದ ಗದ್ದೆಯಲ್ಲಿ ಚೆಂಡೆಯ ಸದ್ದು ಕೇಳಿತೆಂದರೆ ಇವರೆಲ್ಲರೂ ಒಂದೇ ಚಾಪೆಯ ಮೇಲೆ ಕುಳಿತು, ಬೆಳಗಿನ ತನಕ ಅಚ್ಚಗನ್ನಡವನ್ನು ಕೇಳಿ ಬರುತ್ತಿದ್ದರು. ಶಾಲೆಯ ಮೆಟ್ಟಿಲನ್ನು ಹತ್ತದ ಅಜ್ಜಿಯಂದಿರು ಕೂಡ 'ಎಲೈ ಮೂಢನೇ' ಎಂದು ಮೊಮ್ಮಕ್ಕಳನ್ನು ಗದರುತ್ತಿದ್ದುದು ಈ ಪಾಠದ ಫಲವೇ ಸರಿ.

ತೆಂಕುತಿಟ್ಟಿನ ಯಕ್ಷಗಾನ ಬಯಲಾಟವನ್ನು ಈ ಕಡೆಯ ಜನ ಬರಿದೇ 'ಆಟ' ಎನ್ನುತ್ತಾರೆ. ದೀಪಾವಳಿ ಕಳೆದ ಬಳಿಕ ಮೇಳಗಳು ಗೆಜ್ಜೆ ಕಟ್ಟಿ ತಿರುಗಾಟಕ್ಕೆ ಹೊರಡುತ್ತವೆ. ಮೇ ತಿಂಗಳ ಕೊನೆಯ ವಾರದಲ್ಲಿ ಬರುವ ಪತ್ತನಾಜೆಯಂದು ಗೆಜ್ಜೆ ಬಿಚ್ಚುತ್ತವೆ. ಅಷ್ಟು ಕಾಲವೂ ದಿನಕ್ಕೊಂದು ಊರು, ರಾತ್ರಿಗೊಂದು ಪ್ರಸಂಗ. ಈ ಆಟವನ್ನು ಆಡುವವರ ಕುರಿತು ಸಾಕಷ್ಟು ಗ್ರಂಥಗಳು ಬಂದಿವೆ. ನೋಡುವವರ ಕುರಿತು ಬರೆದವರು ಕಡಮೆ. ಹತ್ತು ಗಂಟೆಗಳ ಕಾಲ ಒಂದು ನಾಟಕದ ಮುಂದೆ ಕುಳಿತ ಮನುಷ್ಯನಿಗೆ ಏನಾಗುತ್ತದೆ ಎಂಬುದು ಸಣ್ಣ ಪ್ರಶ್ನೆಯಲ್ಲ. ಇದಕ್ಕೆ ನಿದರ್ಶನವಾಗಿ 'ದೇವಿ ಮಹಾತ್ಮೆ' ಪ್ರಸಂಗವನ್ನೇ ತೆಗೆದುಕೊಳ್ಳೋಣ. ಕಟೀಲಿನ ಮೇಳಗಳು ಹರಕೆಯಾಟವಾಗಿ ಮತ್ತೆ ಮತ್ತೆ ಆಡುವುದು ಇದನ್ನು. ಹರಕೆ ಹೊತ್ತವರು ತಮ್ಮ ಸರದಿಗಾಗಿ ಅನೇಕ ವರ್ಷ ಕಾಯುವುದುಂಟು.

ಈ ಆಟ ಹೆಸರಿಗೆ ಒಂದೇ ಆದರೂ ನೋಡುವವರ ಪಾಲಿಗೆ ಎರಡು. ನಡುರಾತ್ರಿ ಅವುಗಳ ನಡುವಣ ಗಡಿ.

ಮುಸ್ಸಂಜೆಯಲ್ಲಿ ಚೆಂಡೆಮದ್ದಳೆಗಳು ಮೊಳಗಿ ಸುತ್ತಣ ಊರಿಗೆಲ್ಲ ಕರೆ ಕೊಡುತ್ತವೆ. ಚೌಕಿಯಲ್ಲಿ ಗಣಪತಿಗೆ ಪೂಜೆಯಾದ ಮೇಲೆ ಪೂರ್ವರಂಗ ತೊಡಗುತ್ತದೆ. ಕೋಡಂಗಿಗಳು ಕುಣಿಯುತ್ತಾರೆ, ಬಾಲಗೋಪಾಲರು ಬರುತ್ತಾರೆ, ಸ್ತ್ರೀವೇಷಗಳು ಬರುತ್ತವೆ. ಆಗ ಹಾಡುವವರು ಮೇಳದ ಕಿರಿಯ ಭಾಗವತರು, ಕುಣಿಯುವವರು ಕಲಿಯುವ ಹುಡುಗರು. ನೋಡುವವರಲ್ಲಿಯೂ ಮಕ್ಕಳೇ ಹೆಚ್ಚು. ದೊಡ್ಡವರು ಇನ್ನೂ ಊಟದ ಪಂಕ್ತಿಯಲ್ಲಿರುತ್ತಾರೆ. ಇಲ್ಲವೇ ಬಹುಕಾಲಕ್ಕೆ ಸಿಕ್ಕ ನೆಂಟರೊಡನೆ ಅಡಕೆಯ ಧಾರಣೆಯನ್ನು ಚರ್ಚಿಸುತ್ತಿರುತ್ತಾರೆ. ಚರುಮುರಿಯ ಅಂಗಡಿ, ಗೋಳಿಬಜೆಯ ಬಾಣಲೆ, ಬಳೆ ಬಲೂನುಗಳ ಗದ್ದಲ ಇವೆಲ್ಲವೂ ಆಟದ ಅಂಗಗಳೇ. ಇದನ್ನು ಅಲಕ್ಷ್ಯವೆಂದು ಭಾವಿಸಬಾರದು. ನೆರೆದ ಜನ ಪ್ರೇಕ್ಷಕರಾಗಲು ಒಂದಿಷ್ಟು ಹೊತ್ತು ಬೇಕಾಗುತ್ತದೆ. ಪೂರ್ವರಂಗ ಆ ಹೊತ್ತನ್ನು ಒದಗಿಸುತ್ತದೆ.

ಪ್ರಸಂಗ ಮೊದಲಾಗಿ ತ್ರಿಮೂರ್ತಿಗಳು ಬಂದು, ಮಧುಕೈಟಭರ ವಧೆ ನಡೆದು, ಮಾಲಿನಿಯ ತಪಸ್ಸು ಮುಗಿಯುವ ಹೊತ್ತಿಗೆ ಗದ್ದೆ ತುಂಬಿರುತ್ತದೆ. ಆಮೇಲೆ ಮಹಿಷಾಸುರನ ಪ್ರವೇಶ. ಅವನು ಚೌಕಿಯಿಂದ ನೇರವಾಗಿ ರಂಗಕ್ಕೆ ಬರುವವನಲ್ಲ. ಪ್ರೇಕ್ಷಕರ ಬೆನ್ನ ಹಿಂದೆ, ಕತ್ತಲೆಯಲ್ಲಿ, ಎಲ್ಲಿಯೋ ದೂರದಲ್ಲಿ ಮೊದಲು ಕೂಗು ಕೇಳಿಸುತ್ತದೆ. ತಿರುಗಿ ನೋಡಿದರೆ ದೀವಟಿಗೆಗಳ ಸಾಲು. ರಾಳದ ಹುಡಿ ಎರಚಿದಾಗ ಭುಗಿಲೆದ್ದ ಬೆಂಕಿಯಲ್ಲಿ ಎರಡು ಕೋಡುಗಳು ಕಂಡು ಮರೆಯಾಗುತ್ತವೆ. ಅಕ್ಕಿಹಿಟ್ಟು ಸುಣ್ಣಗಳ ಚಿಟ್ಟಿಯಿಟ್ಟು, ಗಂಟೆಗಟ್ಟಲೆ ಕುಳಿತು ಬರೆದ ಆ ಮುಖ ಜನರ ನಡುವಿನಿಂದಲೇ ದಾರಿ ಮಾಡಿಕೊಂಡು ಬರುತ್ತದೆ. ಅಲ್ಲಿಯವರೆಗೆ ರಂಗಸ್ಥಳದೊಳಗಿದ್ದ ಆಟ ಈಗ ಗದ್ದೆಯನ್ನೆಲ್ಲ ಆವರಿಸುತ್ತದೆ. ಮಕ್ಕಳು ಅಳುತ್ತಾರೆ. ತಾಯಂದಿರು ನಗುತ್ತಾ ಕಣ್ಣು ಮುಚ್ಚಿಸುತ್ತಾರೆ. ಎಷ್ಟೋ ವರ್ಷಗಳಿಂದ ನೋಡಿದವರೂ ಎದ್ದು ನಿಂತು ಕತ್ತು ನೀಳ ಮಾಡುತ್ತಾರೆ. ದೇವಿಯು ಮಹಿಷನನ್ನು ಕೊಂದಾಗ ಗಂಟೆ ಒಂದೋ ಒಂದೂವರೆಯೋ ಆಗಿರುತ್ತದೆ.

ಅಷ್ಟರಲ್ಲಿ ಗದ್ದೆಯ ಅರ್ಧ ಬರಿದಾಗುತ್ತದೆ. ನಾನು ಬಾಲ್ಯದಲ್ಲಿ ಹೀಗೆ ಹೊರಟುಹೋದವರ ಗುಂಪಿನವನೇ. ಹೋದೆನೆನ್ನುವುದಕ್ಕಿಂತ ಒಯ್ಯಲ್ಪಟ್ಟೆನೆನ್ನುವುದು ಸರಿ. ಮಹಿಷನು ಬಿದ್ದೊಡನೆ ನನಗೆ ನಿದ್ದೆ, ಮುಂದಿನ ದಾರಿಯೆಲ್ಲ ಮಾವನ ಹೆಗಲಿನ ಮೇಲೆ. ದೇವಿ ಮಹಾತ್ಮೆಯ ಕಥೆ ಮಹಿಷಾಸುರನೊಂದಿಗೆ ಮುಗಿಯಿತೆಂದೇ ನಾನು ಬಹುಕಾಲ ನಂಬಿದ್ದೆ. ಒಮ್ಮೆ ಹದಿನಾಲ್ಕರ ವಯಸ್ಸಿನಲ್ಲಿ, ಜೊತೆಗೆ ಬಂದವರು ನನ್ನನ್ನು ಮರೆತು ಹೊರಟುದರಿಂದ ಅನಿವಾರ್ಯವಾಗಿ ಬೆಳಗಿನವರೆಗೆ ಉಳಿಯಬೇಕಾಯಿತು. ಎರಡನೆಯ ಪಾಲು ನನಗೆ ದೊರೆತುದು ಆ ರಾತ್ರಿ.

ಉಳಿದವರು ಮುಂದಕ್ಕೆ ಸರಿದು ಕುಳಿತಿದ್ದರು. ಖಾಲಿ ಚಾಪೆಗಳ ಮೇಲೆ ಇಬ್ಬನಿ ಬೀಳುತ್ತಿತ್ತು. ಮುಖ್ಯ ಭಾಗವತರು ಜಾಗಟೆ ಹಿಡಿದು ಕುಳಿತಿದ್ದರು. ಮೇಳದ ಹಿರಿಯರು ರಂಗಕ್ಕೆ ಬರುವುದು ಈ ಹೊತ್ತಿನಲ್ಲಿಯೇ. ರಂಗದ ಮೇಲೆ ಒಂದು ಉಯ್ಯಾಲೆ ಬಂತು. ಸ್ವಲ್ಪ ಮುಂಚೆ ಕತ್ತಿ ಝಳಪಿಸಿದ್ದ ದೇವಿ ಈಗ ಅದರಲ್ಲಿ ಸುಮ್ಮನೆ ತೂಗಿಕೊಳ್ಳುತ್ತಿದ್ದಳು. ಚಂಡಮುಂಡರು ಅವಳನ್ನು ಕಂಡು ಶುಂಭನಿಗೆ ಸುದ್ದಿ ಒಯ್ದರು. ದೂತನೊಬ್ಬ ಬಂದು ಮಾತನಾಡಿ ಹಿಂದಿರುಗಿದ. ಗಡಿಬಿಡಿಯಿಲ್ಲ, ಬೆಂಕಿಯಿಲ್ಲ. ಮಾತು, ಪದ, ಮತ್ತೆ ಮಾತು. ನಡುವೆ ನಾನು ತೂಕಡಿಸಿದೆ. ಕಣ್ಣು ತೆರೆದಾಗಲೂ ಉಯ್ಯಾಲೆ ತೂಗುತ್ತಲೇ ಇತ್ತು. ಎಷ್ಟು ಹೊತ್ತು ಕಳೆದಿತ್ತೋ ತಿಳಿಯದು. ಕಂಡದ್ದರಲ್ಲಿ ಯಾವುದು ಆಟ, ಯಾವುದು ಕನಸು ಎಂಬುದನ್ನು ಇಂದಿಗೂ ಪೂರ್ತಿಯಾಗಿ ಬೇರ್ಪಡಿಸಲಾರೆ.

ಇದಕ್ಕೆ ಶರೀರಶಾಸ್ತ್ರದ ಸಮಾಧಾನವೂ ಇದೆ. ಮನುಷ್ಯನ ಮೈಯ ಉಷ್ಣತೆ ಅತ್ಯಂತ ಕೆಳಗಿಳಿಯುವುದು ಬೆಳಗಿನ ಜಾವದ ನಾಲ್ಕು ಗಂಟೆಯ ಆಸುಪಾಸಿನಲ್ಲಿ. ಎಚ್ಚರ ಸಡಿಲಾಗುವುದೂ ಆಗಲೇ. ಸಂಜೆಯ ಹೊತ್ತು ನಮ್ಮ ಬುದ್ಧಿ ಬಾಗಿಲಲ್ಲಿ ನಿಂತು ಕಾವಲು ಕಾಯುತ್ತದೆ: 'ಈ ವೇಷ ಚೆನ್ನಾಗಿಲ್ಲ, ಆ ಕಿರೀಟ ಸೊಟ್ಟಗಿದೆ' ಎಂದು ತಕರಾರು ತೆಗೆಯುತ್ತದೆ. ಜಾವದಲ್ಲಿ ಕಾವಲುಗಾರ ತೂಕಡಿಸುತ್ತಾನೆ. ಕಂಡುದೆಲ್ಲವೂ ತಡೆಯಿಲ್ಲದೆ ಒಳಗೆ ಹೋಗುತ್ತದೆ. ನಿದ್ದೆ ಆಟಕ್ಕೆ ವಿಘ್ನವೆಂದು ಹೇಳುವವರಿದ್ದಾರೆ. ಅದೂ ಆಟದ ಹಿಮ್ಮೇಳದಲ್ಲಿ ಸೇರಿದ್ದೆಂದು ನನ್ನ ಎಣಿಕೆ.

ಕಥೆಯೂ ಇಲ್ಲಿ ಬೇರೆ ಬಗೆಯದು. ಮೊದಲ ಪಾಲಿನಲ್ಲಿ ಬಲಕ್ಕೆ ಎದುರು ಬಲ. ಹೆಚ್ಚು ಬಲವುಳ್ಳವಳು ಗೆಲ್ಲುತ್ತಾಳೆ, ಸಿಳ್ಳು ಬೀಳುತ್ತದೆ. ಎರಡನೆಯ ಪಾಲಿನಲ್ಲಿ ರಕ್ತಬೀಜ ಬರುತ್ತಾನೆ. ಅವನ ಮೈಯಿಂದ ನೆಲಕ್ಕೆ ಬಿದ್ದ ಒಂದೊಂದು ಹನಿಯಿಂದಲೂ ಮತ್ತೊಬ್ಬ ರಕ್ತಬೀಜ ಹುಟ್ಟುತ್ತಾನೆ, ಹೊಡೆದಷ್ಟೂ ಹೆಚ್ಚುತ್ತಾನೆ. ಕತ್ತಿಯೊಂದರಿಂದ ಮುಗಿಯದ ಕಷ್ಟ ಇದು. ಅವನನ್ನು ಬರಿಯ ರಕ್ಕಸನನ್ನಾಗಿಸದೆ, ತನ್ನ ಮುಂದೆ ನಿಂತವಳು ಯಾರೆಂಬುದನ್ನು ಬಲ್ಲವನನ್ನಾಗಿ ಚಿತ್ರಿಸುವ ಕಲಾವಿದರುಂಟು. ಅರಿತೂ ಯುದ್ಧಕ್ಕೆ ನಿಂತವನ ಆ ಮಾತುಗಳು ರಾತ್ರಿ ಹತ್ತು ಗಂಟೆಯ ಗದ್ದಲದಲ್ಲಿ ನಿಲ್ಲುವಂಥವಲ್ಲ. ನೂರೋ ಇನ್ನೂರೋ ಮಂದಿ ಮಾತ್ರ ಉಳಿದು, ಅವರೂ ಕಂಬಳಿ ಹೊದೆದು ಸುಮ್ಮನಾಗಿರುವಾಗ ಅವು ನಿಲ್ಲುತ್ತವೆ. ಶುಂಭನು ಬೀಳುವ ಹೊತ್ತಿಗೆ ಮೂಡಣ ಬಾನು ಬೆಳ್ಳಗಾಗಿರುತ್ತದೆ. ವಿದ್ಯುದ್ದೀಪಗಳು ಮಂಕಾಗುತ್ತವೆ, ವೇಷಗಳ ಮುಖದ ಬಣ್ಣ ಬೆವರಿನಲ್ಲಿ ಕರಗಿದ್ದು ಕಾಣಿಸುತ್ತದೆ. ಅಷ್ಟು ಹೊತ್ತು ದೇವತೆಗಳಾಗಿದ್ದವರು ಬಳಲಿದ ಮನುಷ್ಯರಾಗಿ ಕಾಣಿಸಿಕೊಳ್ಳುವುದೂ, ಅವರಿಗೆ ನಾವು ಕೈ ಮುಗಿಯುವುದೂ ಒಂದೇ ಗಳಿಗೆಯಲ್ಲಿ.

ಇಂಥ ದೀರ್ಘ ನಾಟಕಗಳು ನಮ್ಮಲ್ಲಿ ಮಾತ್ರ ಇರುವುವೆಂದು ತಿಳಿಯಬೇಕಾಗಿಲ್ಲ. 1985ರಲ್ಲಿ ಪೀಟರ್ ಬ್ರೂಕ್ ಎಂಬ ನಿರ್ದೇಶಕ ಫ್ರಾನ್ಸಿನ ಅವಿನ್ಯೋಂ ನಗರದ ಹತ್ತಿರ, ಒಂದು ಕಲ್ಲಿನ ಕೋರೆಯಲ್ಲಿ ಮಹಾಭಾರತವನ್ನು ಸುಮಾರು ಒಂಬತ್ತು ಗಂಟೆಗಳ ಕಾಲ ಆಡಿಸಿದನು. 2010ರಲ್ಲಿ ಮೈಸೂರಿನ ರಂಗಾಯಣದ ಆವರಣದಲ್ಲಿ ಸಿ. ಬಸವಲಿಂಗಯ್ಯನವರು ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯನ್ನು ರಾತ್ರಿಯುದ್ದಕ್ಕೂ, ಒಂದಲ್ಲದೆ ಹಲವು ರಂಗಗಳಲ್ಲಿ ನಡೆಸಿದರು. ಪ್ರೇಕ್ಷಕರು ಕಥೆಯ ಜೊತೆಗೆ ಎದ್ದು ನಡೆಯಬೇಕಾಗಿತ್ತು. 2021ರಲ್ಲಿ ಅದೇ ಸಂಸ್ಥೆ ಭೈರಪ್ಪನವರ 'ಪರ್ವ'ವನ್ನು ಪ್ರಕಾಶ್ ಬೆಳವಾಡಿಯವರ ನಿರ್ದೇಶನದಲ್ಲಿ ಇಡೀ ದಿನದ ನಾಟಕವಾಗಿಸಿತು. ಇವುಗಳನ್ನು ನೋಡಿದವರು ಪರ್ವತವನ್ನೇರಿ ಬಂದವರಂತೆ ಅದನ್ನು ಹೇಳಿಕೊಳ್ಳುವುದುಂಟು. ಆಟದ ಪ್ರೇಕ್ಷಕನಿಗೆ ಅಂಥ ಹೆಮ್ಮೆಯಿಲ್ಲ. ಅವನು ಬೇಕೆಂದಾಗ ಬರುತ್ತಾನೆ, ಚಹಾಕ್ಕೆ ಏಳುತ್ತಾನೆ, ಬೇಲಿಯ ಬಳಿ ಮಲಗುತ್ತಾನೆ, ತನಗೆ ಬೇಕಾದ ಪದ ಕೇಳಿದೊಡನೆ ಎಚ್ಚರಗೊಳ್ಳುತ್ತಾನೆ. ಸುಳ್ಯದಿಂದ ಮೇಲೆ, ಸಂಪಾಜೆಯ ಕಲ್ಲುಗುಂಡಿಯಲ್ಲಿ ನಡೆದುಬಂದಿರುವ ಯಕ್ಷೋತ್ಸವ ಹಗಲಿನಲ್ಲೇ ತೊಡಗಿ ಮರುದಿನದ ಬೆಳಗಿಗೆ ಮುಗಿಯುವಂಥದು, ಅಲ್ಲಿಯೂ ಹೀಗೆಯೇ.

ಹಾಗೆಂದು ಆಟವನ್ನು ಕಿರಿದಾಗಿಸಬೇಕೆಂಬ ವಿಚಾರ ಇಂದಿನದಲ್ಲ. ಪುತ್ತೂರಿನಲ್ಲಿ ನೆಲೆಸಿದ್ದ ಶಿವರಾಮ ಕಾರಂತರು ಯಕ್ಷಗಾನವನ್ನು ಆಳವಾಗಿ ಅಭ್ಯಾಸ ಮಾಡಿದವರು. ಅವರೇ ಮಾತನ್ನು ಬಹಳವಾಗಿ ಇಳಿಸಿ, ಕೆಲವೇ ಗಂಟೆಗಳಲ್ಲಿ ಮುಗಿಯುವ ಪ್ರಯೋಗಗಳನ್ನು ರೂಪಿಸಿದರು. 2015ರಿಂದ ಧರ್ಮಸ್ಥಳದ ಮೇಳ ಕಾಲಮಿತಿಯನ್ನು ಹಿಡಿಯಿತು. 2022ರಲ್ಲಿ ಕಟೀಲಿನ ಮೇಳಗಳೂ ಆ ದಾರಿಗೆ ಬಂದವು; ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಧ್ವನಿವರ್ಧಕವನ್ನು ನಿರ್ಬಂಧಿಸುವ, 2000ದ ಶಬ್ದಮಾಲಿನ್ಯ ನಿಯಮಗಳೇ ಅದಕ್ಕೆ ಮುಖ್ಯ ಕಾರಣ. ಭಕ್ತರಿಗೆ ಇದು ಒಪ್ಪಿಗೆಯಾಗಲಿಲ್ಲ. ವಿಷಯ ಉಚ್ಚ ನ್ಯಾಯಾಲಯದವರೆಗೆ ಹೋಯಿತು. 2024ರ ಜನವರಿಯಲ್ಲಿ ಬೆಳಗಿನ ತನಕದ ಆಟಗಳು, ಶಬ್ದದ ಮಿತಿಗೆ ಒಳಪಟ್ಟು, ಮತ್ತೆ ಮೊದಲಾದವು. ನಿದ್ದೆಗೆಡುವ ಹಕ್ಕಿಗಾಗಿ ಜನ ನ್ಯಾಯಾಲಯದ ಮೆಟ್ಟಿಲೇರಿದ ಪ್ರಸಂಗಗಳು ಬೇರೆಡೆ ಅಪರೂಪವೆಂದೇ ಹೇಳಬೇಕು.

ಕಾಲಮಿತಿಯನ್ನು ಬಯಸುವವರ ಮಾತಿನಲ್ಲಿಯೂ ಸತ್ಯವಿದೆ. ನಸುಕಿನಲ್ಲಿಯೇ ರಬ್ಬರು ಮರಕ್ಕೆ ಕತ್ತಿಯಿಡಬೇಕಾದವನು ರಕ್ತಬೀಜನನ್ನು ಕಾಯುತ್ತ ಕುಳಿತರೆ ಅವನ ದಿನದ ಕೂಲಿಯೇ ಹೋಗುತ್ತದೆ. ಪರೀಕ್ಷೆಯ ದಿನಗಳಲ್ಲಿ ಮಕ್ಕಳಿಗೆ ಧ್ವನಿವರ್ಧಕದ ಕಾಟವೂ ಸುಳ್ಳಲ್ಲ. ಕಲಾವಿದನಂತೂ ಆರು ತಿಂಗಳು ಹಗಲನ್ನೇ ರಾತ್ರಿಯನ್ನಾಗಿಸಿಕೊಂಡು ಬಾಳಬೇಕು. ಅವನ ಆರೋಗ್ಯ ಯಾರ ಲೆಕ್ಕದಲ್ಲಿದೆ? ಇದಲ್ಲದೆ ಆಟಕ್ಕೆಂದು ಬೇಕಾದ ಗದ್ದೆಗಳೇ ಈಗ ಕಡಮೆ. ನಾನು ಆ ರಾತ್ರಿ ಕುಳಿತಿದ್ದ ಗದ್ದೆ ಅಡಕೆಯ ತೋಟವಾಗಿ ಎಷ್ಟೋ ವರ್ಷಗಳಾದವು.

ಆದರೆ ಕಿರಿದಾಗಿಸುವಾಗ ಕತ್ತರಿ ಎಲ್ಲಿ ಬೀಳುತ್ತದೆಂಬುದನ್ನು ನೋಡಬೇಕು. ಮಹಿಷನ ಪ್ರವೇಶವನ್ನು ಯಾರೂ ಕತ್ತರಿಸಲಾರರು. ಜನ ಬರುವುದೇ ಅದಕ್ಕೆ. ಉಯ್ಯಾಲೆ ಎರಡು ಸಲ ತೂಗಿ ನಿಲ್ಲುತ್ತದೆ. ದೂತನ ಮಾತು ನಾಲ್ಕು ವಾಕ್ಯಕ್ಕೆ ಇಳಿಯುತ್ತದೆ. ರಕ್ತಬೀಜ ಬಂದ, ಕುಣಿದ, ಸತ್ತ. ಕಥೆಯಲ್ಲಿ ಏನೂ ಬಿಟ್ಟುಹೋಗಿರುವುದಿಲ್ಲ. ಎರಡನೆಯ ಪಾಲನ್ನು ಮೊದಲನೆಯ ಪಾಲಿನ ಹೊತ್ತಿನಲ್ಲಿ, ಮೊದಲನೆಯ ಪಾಲಿನ ಪ್ರೇಕ್ಷಕರ ಮುಂದೆ ಆಡಿದಂತಾಗುತ್ತದೆ, ಅಷ್ಟೆ. ಅಂಥ ಒಂದು ಆಟವನ್ನು ನೋಡಿ ರಾತ್ರಿ ಹನ್ನೊಂದಕ್ಕೆ ಮನೆಗೆ ಬಂದು, ಹಾಸಿಗೆಯಲ್ಲಿ ಸುಖವಾಗಿ ಮಲಗಿ, ನಾನು ಬಹಳ ಹೊತ್ತು ನಿದ್ದೆ ಬಾರದೆ ಹೊರಳಾಡಿದ್ದುಂಟು.

ನಮ್ಮ ನೆರೆಮನೆಯ ಮುದುಕಿಯೊಬ್ಬರು ಆಟಕ್ಕೆ ಬಂದರೆ ಮಹಿಷನ ಹೊತ್ತಿಗೆ ಸರಿಯಾಗಿ ಚಾಪೆ ಬಿಡಿಸಿ ಮಲಗುತ್ತಿದ್ದರು. 'ಅವನ ಕೂಗನ್ನು ಮಲಗಿಯೇ ಕೇಳಬಹುದು. ಉಯ್ಯಾಲೆ ಬರುವಾಗ ಎಬ್ಬಿಸು' ಎನ್ನುವರು. ಮರೆತು ಎಬ್ಬಿಸದಿದ್ದರೆ ಮರುದಿನವಿಡೀ ಮಾತಿಲ್ಲ. ನಾನು ಬೆಳಗಿನವರೆಗೆ ಉಳಿದ ಆ ರಾತ್ರಿ ಅವರನ್ನು ಎಬ್ಬಿಸುವ ಕೆಲಸ ನನ್ನದಾಗಿತ್ತು. ಮಂಗಳ ಹಾಡಿದ ಬಳಿಕ ಪ್ರಸಾದ ಹಿಡಿದು, ಒದ್ದೆಯಾದ ಚಾಪೆಯನ್ನು ಸುತ್ತಿಕೊಂಡು ಇಬ್ಬರೂ ಮಾರ್ಗಕ್ಕೆ ಬಂದೆವು. ಕಾಸರಗೋಡಿನ ಕಡೆಯ ಮೊದಲ ಬಸ್ಸು ಕವಲಿನಲ್ಲಿ ನಿಂತಿತ್ತು. ಅದರಲ್ಲಿ ಹತ್ತಿದವರೆಲ್ಲರ ಕಣ್ಣೂ ಕೆಂಪಾಗಿದ್ದುವು. ಬಸ್ಸಿನ ನಿರ್ವಾಹಕ ಯಾರನ್ನೂ ಏನೂ ಕೇಳದೆ, 'ಇಂದು ಶುಂಭ ಯಾರು?' ಎಂದನು.