ಮರೆಯಲಾಗದ ಎಸೆತಗಳು: ಚೆಪಾಕ್‌ನಿಂದ ಚಿನ್ನಸ್ವಾಮಿಯವರೆಗೆ



ಕಳೆದ ಬಾರಿ ನಾವು ಗುಮ್ಮಳಾಪುರದಲ್ಲಿ ಸೇರಿದ್ದಾಗ ಸಭೆ ಮುಗಿದು ಕಾಫಿ ಕುಡಿಯುವ ಹೊತ್ತಿಗೆ ಹುಡುಗನೊಬ್ಬ ಮೊಬೈಲ್ ಹಿಡಿದು ಅವನ ತಾತನ ಹತ್ತಿರ ಬಂದ. ಅದರಲ್ಲಿ ಶೇನ್ ವಾರ್ನ್ ಮೈಕ್ ಗ್ಯಾಟಿಂಗ್‌ಗೆ ಹಾಕಿದ ಪ್ರಸಿದ್ಧ ಎಸೆತದ ವಿಡಿಯೊ ಇತ್ತು. "ತಾತಾ, ಇದಕ್ಕಿಂತ ಒಳ್ಳೆ ಬಾಲ್ ನೋಡಿದ್ದೀಯಾ?" ಎಂದು ಕೇಳಿದ. ತಾತ ಒಂದು ಗುಟುಕು ಕಾಫಿ ಕುಡಿದು, "ನೋಡಿಲ್ಲಪ್ಪ, ಕೇಳಿದ್ದೀನಿ. ರೇಡಿಯೊದಲ್ಲಿ" ಎಂದರು. ಹುಡುಗ ನಕ್ಕ. ಬಾಲನ್ನು ಯಾರಾದರೂ ಕೇಳುತ್ತಾರೆಯೇ?

ಅವತ್ತು ಶುರುವಾದ ಮಾತು ಕತ್ತಲಾದರೂ ಮುಗಿಯಲಿಲ್ಲ. ಹೊಸೂರಿಗೆ ಹೋಗುವ ಬಸ್ ತಪ್ಪಿಸಿಕೊಂಡವರೂ ಇದ್ದರು. ಅಲ್ಲಿ ಆಡಿದ ಮಾತುಗಳನ್ನು ಎಲ್ಲ ಸದಸ್ಯರಿಗೂ ತಲುಪಿಸೋಣ ಎಂದು ಈ ಲೇಖನ ಬರೆಯುತ್ತಿದ್ದೇವೆ. ಕ್ರಿಕೆಟ್ ಗೊತ್ತಿಲ್ಲದವರಿಗೂ ಅರ್ಥವಾಗಲಿ ಎಂದು ಸ್ವಲ್ಪ ಬಿಡಿಸಿ ಹೇಳಿದ್ದೇವೆ.

ಒಂದು ಎಸೆತ ನೆನಪಿನಲ್ಲಿ ಉಳಿಯುವುದು ಯಾಕೆ?

ಒಂದು ಟೆಸ್ಟ್ ಪಂದ್ಯದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಎಸೆತಗಳು ಬೀಳಬಹುದು. ಅದರಲ್ಲಿ ಒಂದೋ ಎರಡೋ ಜನರ ಬಾಯಲ್ಲಿ ಉಳಿಯುತ್ತವೆ. ನಮ್ಮ ಮಾತುಕತೆಯಲ್ಲಿ ಇದಕ್ಕೆ ಮೂರು ಕಾರಣ ಹೊಳೆದವು. ಮೊದಲನೆಯದು ಚೆಂಡು ಮಾಡಿದ ಚಮತ್ಕಾರ, ಎರಡನೆಯದು ಅದು ಬಿದ್ದ ಗಳಿಗೆ, ಮೂರನೆಯದು ಹಾಕಿದವನ ಮತ್ತು ಆಡಿದವನ ಕಥೆ.

ವಾರ್ನ್ ಎಸೆತ ಮೊದಲನೆಯದಕ್ಕೆ ಒಳ್ಳೆಯ ಉದಾಹರಣೆ. 1993ರ ಜೂನ್ 4, ಮ್ಯಾಂಚೆಸ್ಟರ್‌ನ ಓಲ್ಡ್ ಟ್ರಾಫರ್ಡ್ ಮೈದಾನ. ಆಸ್ಟ್ರೇಲಿಯದ 23 ವರ್ಷದ ವಾರ್ನ್‌ಗೆ ಅದು ಇಂಗ್ಲೆಂಡ್ ನೆಲದ ಟೆಸ್ಟ್‌ನಲ್ಲಿ ಮೊದಲ ಎಸೆತ. ಚೆಂಡು ನೇರವಾಗಿ ಹೊರಟು, ಗಾಳಿಯಲ್ಲೇ ಗ್ಯಾಟಿಂಗ್ ಕಾಲಿನ ಕಡೆಗೆ ಸರಿಯಿತು. ಲೆಗ್ ಸ್ಟಂಪ್‌ನ ಹೊರಗೆ ಬಿದ್ದು, ಅಲ್ಲಿಂದ ತಿರುಗಿ, ಬ್ಯಾಟನ್ನು ದಾಟಿ ಆಫ್ ಸ್ಟಂಪ್‌ನ ತುದಿಗೆ ತಾಗಿತು. ಗ್ಯಾಟಿಂಗ್ ಏನಾಯಿತೆಂದು ತಿಳಿಯದೆ ನಿಂತೇ ಇದ್ದರು.

ಚೆಂಡು ಗಾಳಿಯಲ್ಲಿ ಹಾಗೆ ಸರಿದದ್ದು ಮಾಟವಲ್ಲ. ವೇಗವಾಗಿ ಸುತ್ತುವ ಚೆಂಡು ತನ್ನ ಸುತ್ತಲಿನ ಗಾಳಿಯನ್ನೂ ಒಂದು ಪಕ್ಕಕ್ಕೆ ಎಳೆಯುತ್ತದೆ. ಗಾಳಿಯನ್ನು ಒಂದು ಕಡೆಗೆ ತಳ್ಳಿದರೆ ಚೆಂಡು ಇನ್ನೊಂದು ಕಡೆಗೆ ಸರಿಯಲೇಬೇಕು. ಇದಕ್ಕೆ ಮ್ಯಾಗ್ನಸ್ ಪರಿಣಾಮ ಎಂದು ಹೆಸರು. ಹೆಚ್ಚು ಸುತ್ತಿದಷ್ಟೂ ಸರಿಯುವುದು ಹೆಚ್ಚು, ನೆಲಕ್ಕೆ ಬಿದ್ದ ಮೇಲೆ ತಿರುಗುವುದೂ ಹೆಚ್ಚು. ಗಾಳಿಯಲ್ಲಿ ಒಂದು ಕಡೆ, ನೆಲದ ಮೇಲೆ ಅದಕ್ಕೆ ವಿರುದ್ಧ ಕಡೆ. ಬ್ಯಾಟ್ಸ್‌ಮನ್ ಸೋಲುವುದು ಈ ಎರಡರ ನಡುವೆ.

ಚಂದ್ರಶೇಖರ್: ತಾತ ರೇಡಿಯೊದಲ್ಲಿ ಕೇಳಿದ ಎಸೆತ

ತಾತ ಹೇಳಿದ್ದು 1971ರ ಓವಲ್ ಟೆಸ್ಟ್ ಬಗ್ಗೆ. ಮೈಸೂರಿನಲ್ಲಿ 1945ರಲ್ಲಿ ಹುಟ್ಟಿದ ಬಿ.ಎಸ್. ಚಂದ್ರಶೇಖರ್ ಅವರಿಗೆ ಚಿಕ್ಕಂದಿನಲ್ಲೇ ಪೋಲಿಯೊ ತಗುಲಿ ಬಲಗೈ ಸೊರಗಿತ್ತು. ಫೀಲ್ಡಿಂಗ್ ಮಾಡುವಾಗ ಅವರು ಚೆಂಡನ್ನು ಎಡಗೈಯಲ್ಲೇ ಎಸೆಯುತ್ತಿದ್ದರು. ಬೌಲಿಂಗ್ ಮಾತ್ರ ಆ ಸೊರಗಿದ ಬಲಗೈಯಲ್ಲಿ. ಕೈ ಚಾಟಿಯ ಹಾಗೆ ಬೀಸುತ್ತಿತ್ತು. ಲೆಗ್ ಸ್ಪಿನ್ನರ್‌ಗಳು ಸಾಮಾನ್ಯವಾಗಿ ನಿಧಾನ, ಚಂದ್ರ ಹಾಗಲ್ಲ. ಗೂಗ್ಲಿಯ ನಡುವೆ ಹಠಾತ್ತನೆ ಒಂದು ವೇಗದ ಎಸೆತ ಹಾಕುತ್ತಿದ್ದರು.

ಆ ಪಂದ್ಯದ ಮೊದಲ ಇನಿಂಗ್ಸ್‌ನಲ್ಲಿ ಇಂಗ್ಲೆಂಡ್ 355, ಭಾರತ 284. ಎರಡನೇ ಇನಿಂಗ್ಸ್‌ನಲ್ಲಿ ಜಾನ್ ಎಡ್ರಿಚ್ ಬ್ಯಾಟಿಂಗ್‌ಗೆ ಬಂದಾಗ, ಮಿಲ್ ರೀಫ್ ಹಾಕು ಎಂದು ದಿಲೀಪ್ ಸರ್ದೇಸಾಯಿ ಚಂದ್ರಗೆ ಹೇಳಿದರಂತೆ. ಮಿಲ್ ರೀಫ್ ಎಂಬುದು ಆ ವರ್ಷ ಇಂಗ್ಲೆಂಡ್‌ನ ಡರ್ಬಿ ರೇಸ್ ಗೆದ್ದಿದ್ದ ಕುದುರೆ. ಅಂದರೆ ವೇಗದ ಎಸೆತ ಬರಲಿ ಎಂಬ ಸಂಕೇತ. ಚಂದ್ರ ಹಾಕಿದರು. ಎಡ್ರಿಚ್ ಬ್ಯಾಟ್ ಇಳಿಸುವ ಮೊದಲೇ ಸ್ಟಂಪ್ ಉರುಳಿತು.

ಇದರ ಗುಟ್ಟು ಸಣ್ಣ ಲೆಕ್ಕದಲ್ಲಿದೆ. ಬೌಲರ್ ಕೈಯಿಂದ ಬ್ಯಾಟಿನವರೆಗೆ ಸುಮಾರು 18 ಮೀಟರ್ ಎಂದುಕೊಳ್ಳಿ. ಗಂಟೆಗೆ 80 ಕಿ.ಮೀ. ವೇಗದ ಚೆಂಡು ಅಷ್ಟು ದೂರ ಬರಲು ಸುಮಾರು 0.8 ಸೆಕೆಂಡು ಬೇಕು. 100 ಕಿ.ಮೀ. ಆದರೆ 0.65 ಸೆಕೆಂಡು. ಕೈ ಬೀಸುವ ರೀತಿ ಒಂದೇ ಇದ್ದರೆ ಬ್ಯಾಟ್ಸ್‌ಮನ್ ಹಳೆಯ ಲೆಕ್ಕದಲ್ಲೇ ಕಾಯುತ್ತಿರುತ್ತಾನೆ. ಅವನು ಕಳೆದುಕೊಳ್ಳುವುದು ಕಣ್ಣು ಮಿಟುಕಿಸುವಷ್ಟು ಹೊತ್ತು, ಅಷ್ಟೇ. ವಿಕೆಟ್ ಹೋಗಲು ಅದು ಸಾಕು.

ಇಂಗ್ಲೆಂಡ್ 101ಕ್ಕೆ ಆಲೌಟ್. ಚಂದ್ರ 38 ರನ್ ಕೊಟ್ಟು 6 ವಿಕೆಟ್ ತೆಗೆದರು. ಆಗಸ್ಟ್ 24ರಂದು ಭಾರತ ಇಂಗ್ಲೆಂಡ್ ನೆಲದಲ್ಲಿ ಮೊದಲ ಬಾರಿಗೆ ಟೆಸ್ಟ್ ಗೆದ್ದಿತು. ಸೊರಗಿದ ಕೈಯೇ ದೇಶಕ್ಕೆ ಗೆಲುವು ತಂದಿತು ಎನ್ನುವಾಗ ತಾತನ ಗಂಟಲು ಕಟ್ಟಿತ್ತು. ಮೊಬೈಲ್ ಹುಡುಗ ಆಗ ನಗಲಿಲ್ಲ.

ಪ್ರಸನ್ನ: ಮುಂಬಯಿಯ ಸರಪಳಿ ಕಡಿದ ದಿನಗಳು

1958-59ರಿಂದ 1972-73ರವರೆಗೆ ಸತತ 15 ವರ್ಷ ರಣಜಿ ಟ್ರೋಫಿ ಮುಂಬಯಿ ತಂಡದ್ದೇ. 1974ರಲ್ಲಿ ಬೆಂಗಳೂರಿನಲ್ಲಿ ನಡೆದ ಸೆಮಿಫೈನಲ್‌ನಲ್ಲಿ ಕರ್ನಾಟಕ ಆ ಸರಪಳಿ ಕಡಿಯಿತು. ಆ ಪಂದ್ಯದಲ್ಲಿ ಸುನಿಲ್ ಗಾವಸ್ಕರ್ ಅವರನ್ನು ಇ.ಎ.ಎಸ್. ಪ್ರಸನ್ನ ಬೌಲ್ಡ್ ಮಾಡಿದ ಎಸೆತವನ್ನು ಹಿರಿಯರು ಇವತ್ತಿಗೂ ಕೈಯಲ್ಲಿ ಗಾಳಿಗೆ ಗೆರೆ ಎಳೆದು ತೋರಿಸುತ್ತಾರೆ.

ಪ್ರಸನ್ನ ಓದಿದ್ದು ಎಂಜಿನಿಯರಿಂಗ್, ಹಾಕುತ್ತಿದ್ದದ್ದು ಆಫ್ ಸ್ಪಿನ್. ಅವರ ಬಲ ಇದ್ದದ್ದು ಚೆಂಡನ್ನು ಮೇಲಕ್ಕೆ ತೇಲಿಸುವುದರಲ್ಲಿ. ಚೆಂಡು ಕಣ್ಣಿನ ಮಟ್ಟಕ್ಕಿಂತ ಮೇಲೆ ಹೋದರೆ ಅದು ಎಲ್ಲಿ ಬೀಳುತ್ತದೆ ಎಂದು ಅಂದಾಜು ಮಾಡುವುದು ಕಷ್ಟ. ಹತ್ತಿರ ಬೀಳುತ್ತದೆ ಎಂದು ಬ್ಯಾಟ್ಸ್‌ಮನ್ ಮುಂದೆ ಹೆಜ್ಜೆ ಇಡುತ್ತಾನೆ. ಚೆಂಡು ಒಂದು ಗೇಣು ಮೊದಲೇ ಇಳಿದುಬಿಡುತ್ತದೆ. ನಮ್ಮ ಕಡೆ ಟೆನಿಸ್ ಬಾಲಿನಲ್ಲಿ ಆಡುವ ಹುಡುಗರಿಗೂ ಇದು ಗೊತ್ತು. ಮೇಲೆ ಎಸೆದ ಚೆಂಡನ್ನು ಆಸೆಯಿಂದ ಹೊಡೆಯಲು ಹೋಗಿ ಕ್ಯಾಚ್ ಕೊಡದವರು ಯಾರು?

ಮೊದಲ ಇನಿಂಗ್ಸ್ ಮುನ್ನಡೆಯ ಆಧಾರದ ಮೇಲೆ ಕರ್ನಾಟಕ ಫೈನಲ್‌ಗೆ ಹೋಗಿ, ಅಲ್ಲಿ ರಾಜಸ್ಥಾನವನ್ನು ಸೋಲಿಸಿ ಮೊದಲ ಬಾರಿಗೆ ರಣಜಿ ಗೆದ್ದಿತು. ಮೈಸೂರು ರಾಜ್ಯ ಕರ್ನಾಟಕ ಎಂದು ಹೆಸರಾಗಿ ಆಗ ಕೆಲವೇ ತಿಂಗಳು ಕಳೆದಿತ್ತು.

ವೆಂಕಟೇಶ್ ಪ್ರಸಾದ್: ಗಳಿಗೆ ಮಾಡಿದ ಎಸೆತ

1996ರ ಮಾರ್ಚ್ 9, ಚಿನ್ನಸ್ವಾಮಿ ಕ್ರೀಡಾಂಗಣ. ವಿಶ್ವಕಪ್ ಕ್ವಾರ್ಟರ್ ಫೈನಲ್. ಭಾರತದ 287 ರನ್ ಬೆನ್ನಟ್ಟಿದ ಪಾಕಿಸ್ತಾನಕ್ಕೆ ಅಮೀರ್ ಸೊಹೈಲ್ ಮತ್ತು ಸಯೀದ್ ಅನ್ವರ್ ಮೊದಲ ವಿಕೆಟ್‌ಗೆ 84 ರನ್ ಕೂಡಿಸಿಕೊಟ್ಟರು. ಆಗ ಮೊದಲ 15 ಓವರ್‌ಗಳಲ್ಲಿ ವೃತ್ತದ ಹೊರಗೆ ಇಬ್ಬರೇ ಫೀಲ್ಡರ್‌ಗಳು ಇರಬಹುದಿತ್ತು. ಅದರ ಲಾಭವನ್ನು ಇಬ್ಬರೂ ಚೆನ್ನಾಗಿ ಪಡೆದರು. ಅನ್ವರ್ ಔಟಾದ ಮೇಲೂ ಸೊಹೈಲ್ ನಿಲ್ಲಲಿಲ್ಲ. ಪ್ರಸಾದ್ ಎಸೆತವನ್ನು ಬೌಂಡರಿಗೆ ಹೊಡೆದು, ಚೆಂಡು ಹೋದ ದಿಕ್ಕಿಗೆ ಬ್ಯಾಟ್ ಚಾಚಿ, ಮುಂದಿನದನ್ನೂ ಅಲ್ಲಿಗೇ ಕಳಿಸುತ್ತೇನೆ ಎನ್ನುವಂತೆ ತೋರಿಸಿದರು. ಮುಂದಿನ ಎಸೆತಕ್ಕೆ ಸೊಹೈಲ್ ಬ್ಯಾಟ್ ಬೀಸಿದರು, ಆಫ್ ಸ್ಟಂಪ್ ಹಾರಿತು.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಎಸೆತವಾಗಿ ನೋಡಿದರೆ ಅದು ವಾರ್ನ್ ಎಸೆತದಂಥದ್ದಲ್ಲ. ಆಡಬಹುದಾದ ಚೆಂಡೇ. ಅದನ್ನು ದೊಡ್ಡದು ಮಾಡಿದ್ದು ಹಿಂದಿನ ಎಸೆತ ಮತ್ತು ಸೊಹೈಲ್ ಕೋಪ. ಪ್ರಸಾದ್ ಕೆರಳದೆ ಸ್ಟಂಪ್‌ಗೆ ಹಾಕಿದ್ದೇ ಅವರ ಜಾಣತನ. ಆಮೇಲೆ ಇಜಾಜ್ ಅಹ್ಮದ್, ಇಂಜಮಾಮ್ ಅವರನ್ನೂ ಅವರೇ ಔಟ್ ಮಾಡಿದರು. ಭಾರತ 39 ರನ್‌ಗಳಿಂದ ಗೆದ್ದಿತು.

ಕುಂಬ್ಳೆಯ ಹತ್ತು, ಶ್ರೀನಾಥರ ವೈಡ್‌ಗಳು

1999ರ ಫೆಬ್ರವರಿ 7ರಂದು ದೆಹಲಿಯಲ್ಲಿ ಅನಿಲ್ ಕುಂಬ್ಳೆ 74 ರನ್ ಕೊಟ್ಟು ಪಾಕಿಸ್ತಾನದ ಹತ್ತೂ ವಿಕೆಟ್ ತೆಗೆದದ್ದು ಎಲ್ಲರಿಗೂ ಗೊತ್ತು. ವಿಕೆಟ್ ನಷ್ಟವಿಲ್ಲದೆ 101 ಇದ್ದ ಪಾಕಿಸ್ತಾನ 207ಕ್ಕೆ ಮುಗಿಯಿತು. ಅಲ್ಲಿಯವರೆಗೆ ಟೆಸ್ಟ್‌ನಲ್ಲಿ ಈ ಸಾಧನೆ ಮಾಡಿದ್ದವರು 1956ರಲ್ಲಿ ಇಂಗ್ಲೆಂಡ್‌ನ ಜಿಮ್ ಲೇಕರ್ ಒಬ್ಬರೇ. ಕುಂಬ್ಳೆಯ ಕೊನೆಯ ಎಸೆತಕ್ಕೆ ವಾಸಿಂ ಅಕ್ರಂ ಕೊಟ್ಟ ಕ್ಯಾಚನ್ನು ಶಾರ್ಟ್ ಲೆಗ್‌ನಲ್ಲಿ ಲಕ್ಷ್ಮಣ್ ಹಿಡಿದರು.

ನಾವು ನೆನಪಿಸಬೇಕೆಂದಿರುವುದು ಅದಕ್ಕೆ ಮೊದಲಿನ ಓವರನ್ನು. ಒಂಬತ್ತು ವಿಕೆಟ್ ಬಿದ್ದಿತ್ತು. ಇನ್ನೊಂದು ತುದಿಯಲ್ಲಿ ಬೌಲ್ ಮಾಡಬೇಕಿದ್ದದ್ದು ಜಾವಗಲ್ ಶ್ರೀನಾಥ್. ಅವರೂ ಕರ್ನಾಟಕದವರೇ. ತನಗೆ ವಿಕೆಟ್ ಸಿಕ್ಕಿದರೆ ಗೆಳೆಯನ ಹತ್ತು ತಪ್ಪಿಹೋಗುತ್ತದೆ. ಅದಕ್ಕೆ ಅವರು ಬೇಕೆಂದೇ ಚೆಂಡನ್ನು ಸ್ಟಂಪ್‌ನಿಂದ ದೂರ ಹಾಕಿದರು. ಯಾರೂ ಔಟಾಗಬಾರದು ಎಂದು ಹಾಕಿದ ಎಸೆತಗಳೂ ಚರಿತ್ರೆಯಲ್ಲಿ ಉಳಿದಿವೆ. ಅದೇ ಪಂದ್ಯದಲ್ಲಿ 60 ಮತ್ತು 96 ರನ್ ಹೊಡೆದು ಗೆಲುವಿಗೆ ಬುನಾದಿ ಹಾಕಿದವರಲ್ಲಿ ಒಬ್ಬರು ತಮಿಳುನಾಡಿನ ಸದಗೋಪನ್ ರಮೇಶ್ ಎಂಬುದನ್ನು ನಮ್ಮ ಗಡಿಯವರು ಮರೆಯಬಾರದು.

ಗಡಿಯವರ ಎಸೆತಗಳು

ರಣಜಿ ಟ್ರೋಫಿಯ ಮೊಟ್ಟಮೊದಲ ಪಂದ್ಯ ಯಾವುದು ಗೊತ್ತೇ? 1934ರ ನವೆಂಬರ್ 4ರಂದು ಚೆಪಾಕ್‌ನಲ್ಲಿ ನಡೆದ ಮದ್ರಾಸ್-ಮೈಸೂರು ಪಂದ್ಯ. ಮೊದಲ ಎಸೆತ ಹಾಕಿದವರು ಮದ್ರಾಸಿನ ಎಂ.ಜೆ. ಗೋಪಾಲನ್, ಎದುರಿಸಿದವರು ಮೈಸೂರು ತಂಡದ ಎನ್. ಕರ್ಟಿಸ್. ಎ.ಜಿ. ರಾಮ್ ಸಿಂಗ್ 11 ವಿಕೆಟ್ ತೆಗೆದು, ಪಂದ್ಯ ಒಂದೇ ದಿನಕ್ಕೆ ಮುಗಿದು, ಮೈಸೂರು ಸೋತಿತು. ಆಗ ನಮ್ಮ ಹೊಸೂರು ಸೀಮೆ ಮದ್ರಾಸ್ ಪ್ರಾಂತ್ಯದ ಸೇಲಂ ಜಿಲ್ಲೆಯಲ್ಲಿತ್ತು. ಅಂದರೆ ಆ ಮೊದಲ ಎಸೆತಕ್ಕೇ ನಮ್ಮ ಊರುಗಳ ಪ್ರಶ್ನೆ ಹುಟ್ಟಿತ್ತು: ನಾವು ಯಾರ ಕಡೆ?

ಈ ಪ್ರಶ್ನೆ ಇತ್ತೀಚೆಗೆ ಮೂರು ಬಾರಿ ಮತ್ತೆ ಎದ್ದಿತು. 2019ರ ಅಕ್ಟೋಬರ್ 25ರಂದು ಚಿನ್ನಸ್ವಾಮಿಯಲ್ಲಿ ವಿಜಯ್ ಹಜಾರೆ ಫೈನಲ್. ತಮಿಳುನಾಡು ಇನಿಂಗ್ಸ್‌ನ ಕೊನೆಯ ಓವರಿನಲ್ಲಿ ಅಭಿಮನ್ಯು ಮಿಥುನ್ ಹ್ಯಾಟ್ರಿಕ್ ತೆಗೆದರು, ಅದೂ ತಮ್ಮ 30ನೇ ಹುಟ್ಟುಹಬ್ಬದ ದಿನ. ಕರ್ನಾಟಕ ಗೆದ್ದಿತು. ಅದೇ ವರ್ಷ ಡಿಸೆಂಬರ್ 1ರಂದು ಸೂರತ್‌ನಲ್ಲಿ ಸೈಯದ್ ಮುಷ್ತಾಕ್ ಅಲಿ ಫೈನಲ್. ಕೃಷ್ಣಪ್ಪ ಗೌತಮ್ ಹಾಕಿದ ಕೊನೆಯ ಎಸೆತಕ್ಕೆ ತಮಿಳುನಾಡಿಗೆ 3 ರನ್ ಬೇಕಿತ್ತು, ಒಂದೇ ಬಂತು. ಕರ್ನಾಟಕಕ್ಕೆ ಒಂದು ರನ್ ಗೆಲುವು.

2021ರ ನವೆಂಬರ್ 22, ದೆಹಲಿ. ಅದೇ ಟೂರ್ನಿ, ಅದೇ ಎರಡು ತಂಡ. ಕೊನೆಯ ಎಸೆತಕ್ಕೆ ತಮಿಳುನಾಡಿಗೆ 5 ರನ್ ಬೇಕು. ಕರ್ನಾಟಕದ ಪ್ರತೀಕ್ ಜೈನ್ ಹಾಕಿದರು, ಶಾರುಖ್ ಖಾನ್ ಸಿಕ್ಸರ್ ಹೊಡೆದರು. ಅವತ್ತು ನಮ್ಮ ಸದಸ್ಯರೊಬ್ಬರ ಮನೆಯಲ್ಲಿ ಅಣ್ಣ ಕುಣಿದ, ತಮ್ಮ ಊಟ ಬಿಟ್ಟು ಮಲಗಿದ. ಇಬ್ಬರೂ ಮನೆಯಲ್ಲಿ ಆಡುವುದು ಕನ್ನಡ, ಶಾಲೆಯಲ್ಲಿ ಓದುವುದು ತಮಿಳು. ತಾಯಿ ಯಾರನ್ನು ಸಮಾಧಾನ ಮಾಡಬೇಕು, ಯಾರನ್ನು ಗದರಬೇಕು? ಇಬ್ಬರಿಗೂ ಮೊಸರನ್ನ ಕಲಸಿ ಕೊಟ್ಟರಂತೆ.

ಸಿಕ್ಸರ್ ತಿಂದ ಬೌಲರ್ ಬಗ್ಗೆಯೂ ಒಂದು ಮಾತು. 1986ರ ಏಪ್ರಿಲ್ 18ರಂದು ಶಾರ್ಜಾದಲ್ಲಿ ಜಾವೇದ್ ಮಿಯಾಂದಾದ್ ಕೊನೆಯ ಎಸೆತಕ್ಕೆ ಸಿಕ್ಸರ್ ಹೊಡೆದದ್ದು ಚೇತನ್ ಶರ್ಮಾಗೆ. ಜನ ಅವರನ್ನು ಅದೊಂದಕ್ಕೇ ನೆನೆಯುತ್ತಾರೆ. ಮರುವರ್ಷವೇ ನಾಗ್ಪುರದಲ್ಲಿ ವಿಶ್ವಕಪ್‌ನ ಮೊಟ್ಟಮೊದಲ ಹ್ಯಾಟ್ರಿಕ್ ತೆಗೆದವರೂ ಅವರೇ. ಆದ್ದರಿಂದ ಸೋತ ಎಸೆತ ಹಾಕಿದ ಹುಡುಗರನ್ನು ಬೈಯುವಾಗ ಸ್ವಲ್ಪ ತಡೆದುಕೊಳ್ಳೋಣ. ಕೊನೆಯ ಓವರ್ ಹಾಕುತ್ತೇನೆ ಎಂದು ಚೆಂಡು ತೆಗೆದುಕೊಳ್ಳುವುದಕ್ಕೇ ಎದೆ ಬೇಕು.

ಕೊನೆಗೆ ಒಂದು ಕೋರಿಕೆ

ಗುಮ್ಮಳಾಪುರದ ಆ ಸಂಜೆ ನಮಗೆ ಇನ್ನೊಂದು ವಿಷಯ ಕಂಡಿತು. ಮಕ್ಕಳು ವಾರ್ನ್ ಎಸೆತವನ್ನು ನಮಗಿಂತ ಚೆನ್ನಾಗಿ ಕನ್ನಡದಲ್ಲಿ ವಿವರಿಸಿದರು. ಟಿವಿಯಲ್ಲಿ ಬರುವ ಕನ್ನಡ ವೀಕ್ಷಕ ವಿವರಣೆಯಿಂದ ಮಾತು ಬಂದಿದೆ. ಆದರೆ ಅದನ್ನೇ ಬರೆದುಕೊಡಿ ಎಂದಾಗ ಹಲವರು ತಲೆ ತಗ್ಗಿಸಿದರು. ಅಕ್ಷರ ಕಲಿತಿಲ್ಲ. ಇದು ಮಕ್ಕಳ ತಪ್ಪಲ್ಲ.

ಆದ್ದರಿಂದ ಸದಸ್ಯರಲ್ಲಿ ಕೇಳಿಕೊಳ್ಳುವುದಿಷ್ಟು. ನಿಮ್ಮ ಮನೆಯ ಮಗು ತಾನು ಕಂಡ ಒಂದು ಎಸೆತದ ಬಗ್ಗೆ ಕನ್ನಡದಲ್ಲಿ ಹತ್ತು ಸಾಲು ಬರೆಯಲಿ. ಟಿವಿಯಲ್ಲಿ ನೋಡಿದ್ದಾಗಲಿ, ಊರ ಮೈದಾನದಲ್ಲಿ ತಾನೇ ಹಾಕಿದ್ದಾಗಲಿ, ಯಾವುದಾದರೂ ಸರಿ. ಗೆದ್ದದ್ದು ಕರ್ನಾಟಕವಾದರೂ ಸರಿ, ತಮಿಳುನಾಡಾದರೂ ಸರಿ. ಬರೆಯಲು ಬಾರದಿದ್ದರೆ ಅಜ್ಜಿಯೋ ತಾತನೋ ಪಕ್ಕದಲ್ಲಿ ಕೂತು ಅಕ್ಷರ ತೋರಿಸಲಿ. ತಪ್ಪಿದ್ದರೂ ಹಾಗೇ ತನ್ನಿ, ಮುಂದಿನ ಸಭೆಯಲ್ಲಿ ಮಕ್ಕಳೇ ಓದಲಿ. ಈ ಸಲ ಬಸ್ಸಿಗೆ ಹೋಗುವವರು ಸ್ವಲ್ಪ ಮೊದಲೇ ಬನ್ನಿ.