ಅದಿರಿನ ಹಿಂದೆ ಗಂಧಕದ ಕೈವಾಡ

ತಪ್ಪು ಕಲ್ಪನೆ: ಶಿಲಾಪಾಕದಲ್ಲಿ ಲೋಹ ಇದ್ದರಾಯಿತು, ಅದು ಆರಿದ ಜಾಗದಲ್ಲಿ ಅದಿರು ಸಿಗುತ್ತದೆ.

ವಾಸ್ತವ: ಭೂಮಿಯಲ್ಲಿ ನಿಕ್ಕಲ್‌ಗೇನೂ ಬರವಿಲ್ಲ. ಕಷ್ಟವಿರುವುದು ಅದನ್ನು ಒಂದೆಡೆ ಗುಡ್ಡೆ ಹಾಕುವುದರಲ್ಲಿ. ಆಳದಿಂದ ಏರಿಬರುವ ಶಿಲಾಪಾಕ ಸುಮ್ಮನೆ ಆರಿಬಿಟ್ಟರೆ ನಿಕ್ಕಲ್ ಕಲ್ಲಿನ ಕಣಕಣದಲ್ಲೂ ಚದುರಿಹೋಗುತ್ತದೆ, ಯಾರ ಕೈಗೂ ಬರುವುದಿಲ್ಲ. ಗುಡ್ಡೆ ಹಾಕುವ ಕೆಲಸ ಗಂಧಕದ್ದು. ಶಿಲಾಪಾಕ ಕರಗಿಸಿಕೊಳ್ಳಬಲ್ಲ ಮಿತಿಯನ್ನು ಗಂಧಕ ಮೀರಿದಾಗ, ನೀರಿನಲ್ಲಿ ಎಣ್ಣೆ ಬೇರಾಗುವಂತೆ, ಗಂಧಕ ಕೂಡಿದ ಸಲ್ಫೈಡ್ ದ್ರವ ಹನಿಹನಿಯಾಗಿ ಬೇರಾಗುತ್ತದೆ. ನಿಕ್ಕಲ್, ತಾಮ್ರ, ಪ್ಲಾಟಿನಂಗಳಿಗೆ ಆ ಹನಿಗಳೆಂದರೆ ಎಲ್ಲಿಲ್ಲದ ಸೆಳೆತ. ಎಣ್ಣೆ ತೇಲುತ್ತದೆ, ಈ ಹನಿಗಳು ಭಾರ, ತಳಕ್ಕಿಳಿಯುತ್ತವೆ. ಸೈಬೀರಿಯಾದ ನೊರಿಲ್ಸ್ಕ್‌ನಲ್ಲಿ ಸುಮಾರು 25 ಕೋಟಿ ವರ್ಷಗಳ ಹಿಂದೆ ನಡೆದದ್ದು ಇದೇ. ಅಲ್ಲಿ ಶಿಲಾಪಾಕ ದಾರಿಯಲ್ಲಿ ಸಿಕ್ಕ ಜಿಪ್ಸಂ ಜಾತಿಯ ಪದರಗಳಿಂದ ಗಂಧಕ ಹೀರಿಕೊಂಡಿತೆಂದು ಬಹುಪಾಲು ಭೂವಿಜ್ಞಾನಿಗಳು ಹೇಳುತ್ತಾರೆ.

ತಪ್ಪು ಕಲ್ಪನೆ: ಕೆನಡಾದ ಸಡ್ಬರಿಯ ನಿಕ್ಕಲ್ ಆಕಾಶದಿಂದ ಬಿದ್ದದ್ದು.

ವಾಸ್ತವ: ಸುಮಾರು 185 ಕೋಟಿ ವರ್ಷಗಳ ಹಿಂದೆ ಅಲ್ಲಿ ಆಕಾಶಕಾಯವೊಂದು ಅಪ್ಪಳಿಸಿದ್ದು ನಿಜ. ಲೋಹ ಮಾತ್ರ ನೆಲದ್ದೇ. ಹೊಡೆತಕ್ಕೆ ಕರಗಿದ ಭೂಚಿಪ್ಪಿನಿಂದ ಸಲ್ಫೈಡ್ ಬೇರಾಗಿ ತಳ ಸೇರಿತು. 1883ರಲ್ಲಿ ರೈಲುದಾರಿ ಹಾಕುವಾಗ ಅದಿರು ಕಣ್ಣಿಗೆ ಬಿತ್ತು. ಮೊದಮೊದಲು ಜನ ಅಗೆದದ್ದು ತಾಮ್ರದ ಆಸೆಗೆ!

ತಪ್ಪು ಕಲ್ಪನೆ: ಕೋಲಾರದ ಚಿನ್ನ ಲಾವಾದ ಜೊತೆಯಲ್ಲೇ ಉಕ್ಕಿ ಬಂತು.

ವಾಸ್ತವ: ಅಲ್ಲಿನ ಕಪ್ಪು ಕಲ್ಲು ಒಂದು ಕಾಲದ ಲಾವಾ, ಸರಿ. ಚಿನ್ನ ಬಂದದ್ದು ಆಮೇಲೆ, ಬಿಸಿನೀರಿನಲ್ಲಿ. ಆಳದ ಶಿಲೆಗಳು ಶಾಖಕ್ಕೂ ಒತ್ತಡಕ್ಕೂ ಸಿಕ್ಕಿ ಮಾರ್ಪಡುವಾಗ ನೀರು ಬಿಡುತ್ತವೆ. ಆ ನೀರಿನಲ್ಲಿ ಚಿನ್ನವನ್ನು ಹೊತ್ತು ತಂದದ್ದು ಮತ್ತದೇ ಗಂಧಕ. ಬಿರುಕುಗಳಲ್ಲಿ ಏರುತ್ತಾ, ಒತ್ತಡ ತಟ್ಟನೆ ಕುಸಿದಲ್ಲಿ ಅಥವಾ ಕಲ್ಲಿನ ಕಬ್ಬಿಣ ಗಂಧಕವನ್ನು ಕಸಿದುಕೊಂಡಲ್ಲಿ, ಚಿನ್ನ ಅನಾಥವಾಗಿ ಬೆಣಚುಕಲ್ಲಿನೊಳಗೆ ಉಳಿದುಬಿಟ್ಟಿತು. ಚಾಂಪಿಯನ್ ರೀಫ್ ಅಂಥದೇ ಬೆಣಚಿನ ಪಟ್ಟೆ. ಅದರ ಬೆನ್ನು ಹತ್ತಿದ ಕಾರ್ಮಿಕರು ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದರು.

ತಪ್ಪು ಕಲ್ಪನೆ: ಚಿನ್ನವೆಲ್ಲ ಖಾಲಿಯಾಗಿ ಕೋಲಾರದ ಚಿನ್ನದ ಗಣಿ, ಅಂದರೆ ಕೆಜಿಎಫ್, ಮುಚ್ಚಿತು.

ವಾಸ್ತವ: 2001ರಲ್ಲಿ ಬೀಗ ಬಿದ್ದಾಗಲೂ ಕಲ್ಲಿನಲ್ಲಿ ಚಿನ್ನವಿತ್ತು, ಟನ್ನಿಗೆ ಕೆಲವೇ ಗ್ರಾಂ. ಅಷ್ಟು ಆಳದಿಂದ ಅದನ್ನು ಎತ್ತುವ ಖರ್ಚು ಅಂದಿನ ಬೆಲೆಗೆ ಗಿಟ್ಟುತ್ತಿರಲಿಲ್ಲ. ಬಿಸಿನೀರು ಹೊತ್ತು ತಂದ ಇಂಥದೇ ಚಿನ್ನವನ್ನು ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಇಂದಿಗೂ ತೆಗೆಯುತ್ತಿದ್ದಾರೆ.