ಮಾಟುಂಗಾದ ಸಭಾಂಗಣ, ಮಗಳ ಹ್ರಸ್ವ ಸ್ವರ

ಆಂಟಾಪ್ ಹಿಲ್‌ನ ಸಿಜಿಎಸ್ ಕಾಲೊನಿಗೆ ನಾವು ಬಂದು ಹನ್ನೊಂದು ವರ್ಷವಾಯಿತು. ಕೇಂದ್ರ ಸರ್ಕಾರಿ ನೌಕರರ ಈ ವಸತಿಯಲ್ಲಿ ಮೆಟ್ಟಿಲಿಳಿದು ಗೇಟು ದಾಟುವಷ್ಟರಲ್ಲಿ ನಾಲ್ಕು ಭಾಷೆ ಕಿವಿಗೆ ಬೀಳುತ್ತವೆ. ಆ ನಾಲ್ಕರಲ್ಲಿ ಕನ್ನಡ ಇರುವುದು ಅಪರೂಪ. ನನ್ನ ಮಗಳು ಬೆಳೆದದ್ದು ಇಲ್ಲೇ. ಮನೆಯಲ್ಲಿ ಕನ್ನಡ ಮಾತಾಡುತ್ತಾಳೆ, ಓದಲು ಬರೆಯಲು ಬಾರದು. ಅದಕ್ಕೆ ಕಾರಣ ನಾನೇ. ರಜೆಯಲ್ಲಿ ಕಲಿಸೋಣ, ಮುಂದಿನ ರಜೆಯಲ್ಲಿ ಕಲಿಸೋಣ ಎನ್ನುತ್ತಲೇ ಅವಳು ಎಂಟನೇ ತರಗತಿಗೆ ಬಂದುಬಿಟ್ಟಳು.

ಹಿಂದೂಸ್ತಾನಿ ಸಂಗೀತ ಕಲಿಯುತ್ತಿರುವ ಅವಳಿಗೆ ಕಳೆದ ವರ್ಷ ಒಂದು ಭಾವಗೀತೆ ಹಾಡುವ ಅವಕಾಶ ಬಂತು. ಜಾಗ, ಮಾಟುಂಗಾ ಪೂರ್ವದ ಭಾವು ದಾಜಿ ರಸ್ತೆಯಲ್ಲಿರುವ ಮೈಸೂರು ಅಸೋಸಿಯೇಷನ್ ಸಭಾಂಗಣ. ನಾನು ಸಾಹಿತ್ಯವನ್ನು ನಿಧಾನವಾಗಿ ಓದಿ ಹೇಳಿದೆ, ಅವಳು ದೇವನಾಗರಿಯಲ್ಲಿ ಬರೆದುಕೊಂಡಳು. ಎರಡು ವಾರ ಮನೆ ತುಂಬ ಅದೇ ಹಾಡು.

ನಮ್ಮ ಕಾಲೊನಿಯಿಂದ ಮಾಟುಂಗಾಕ್ಕೆ ಹೋಗುವಾಗ ಜಿಟಿಬಿ ನಗರ ಸ್ಟೇಷನ್ ಸಿಗುತ್ತದೆ. ಹಳಬರ ಬಾಯಲ್ಲಿ ಅದಿನ್ನೂ ಕೋಳಿವಾಡ. ಮುಂದೆ ಗಾಂಧಿ ಮಾರ್ಕೆಟ್‌ನ ಹತ್ತಿರ ಷಣ್ಮುಖಾನಂದ ಸಭಾಗೃಹ. ದಕ್ಷಿಣ ಭಾರತೀಯರು 1952ರಲ್ಲಿ ಕಟ್ಟಿದ ಸಂಗೀತ ಸಭಾ, 1963ರಲ್ಲಿ ಈ ಭವನ ತೆರೆಯಿತು. 1990ರಲ್ಲಿ ಬೆಂಕಿ ಬಿದ್ದು ಮುಚ್ಚಿದ್ದು, 1998ರಲ್ಲಿ ಮತ್ತೆ ಬಾಗಿಲು ತೆರೆಯಿತು. ಮೂರು ಸಾವಿರದ ಸಮೀಪ ಆಸನಗಳಿವೆ. ಊರಿಂದ ನೆಂಟರು ಬಂದರೆ ನಾವೆಲ್ಲ ಬೆರಳು ತೋರಿಸಿ ಹೆಮ್ಮೆಯಿಂದ ಹೇಳುವುದು ಇದರ ಹೆಸರನ್ನೇ. ಅಲ್ಲಿಂದ ಕಿಂಗ್ಸ್ ಸರ್ಕಲ್ ಕಡೆ ಹೋದರೆ ಸಿಗುವ ಮೈಸೂರು ಅಸೋಸಿಯೇಷನ್ನಿನ ಬೋರ್ಡನ್ನು ನಾನು ಎಷ್ಟೋ ವರ್ಷ ಟ್ಯಾಕ್ಸಿಯೊಳಗಿಂದಲೇ ನೋಡಿದ್ದೆ. ಒಳಗೆ ಕಾಲಿಟ್ಟಿರಲಿಲ್ಲ.

ಆದರೆ ವಯಸ್ಸಿನಲ್ಲಿ ದೊಡ್ಡದು ಈ ಚಿಕ್ಕ ಸಂಸ್ಥೆಯೇ. ಸ್ಥಾಪನೆಯಾದದ್ದು 1926ರಲ್ಲಿ. ಆಗಿನ ಭೂಪಟ ನೆನೆದರೆ ಆ ಹೆಸರಿನ ಅರ್ಥ ತಿಳಿಯುತ್ತದೆ. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರದ ಕನ್ನಡಿಗರಿಗೆ ಮುಂಬಯಿಯೇ ರಾಜಧಾನಿ. ಅವರ ಜಿಲ್ಲೆಗಳೆಲ್ಲ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದವು. ಮೈಸೂರು ಸೀಮೆಯವರು ಮಾತ್ರ ಮಹಾರಾಜರ ಸಂಸ್ಥಾನ ಬಿಟ್ಟು ಬ್ರಿಟಿಷರ ಊರಿಗೆ ಬಂದವರು. ಹೀಗೆ ಒಂದೇ ಭಾಷೆಯವರು ಎರಡು ಬಗೆಯಲ್ಲಿ ಇಲ್ಲಿ ಸೇರಿದರು. 1933ರಲ್ಲಿ ಕರ್ನಾಟಕ ಸಂಘವೂ ಹುಟ್ಟಿತು. ಅದರ ಸಭಾಗೃಹಕ್ಕೆ ಇಟ್ಟದ್ದು ವಿಶ್ವೇಶ್ವರಯ್ಯನವರ ಹೆಸರು. ಆ ಎಂಜಿನಿಯರ್ ಕೆಲಸ ಶುರುಮಾಡಿದ್ದೂ 1884ರಲ್ಲಿ, ಇದೇ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ. 1956ರಲ್ಲಿ ರಾಜ್ಯ ಒಂದಾಯಿತು, 1973ರ ನವೆಂಬರ್ 1ರಂದು ಕರ್ನಾಟಕ ಎಂಬ ಹೆಸರೂ ಬಂತು. ಮಾಟುಂಗಾದ ಬೋರ್ಡಿನಲ್ಲಿ ಮಾತ್ರ ಮೈಸೂರು ಹಾಗೇ ಉಳಿದಿದೆ.

ನಮ್ಮ ಕಡೆಯ ದೊಡ್ಡ ಗಾಯಕರು ಈ ನಗರಕ್ಕೆ ಬಂದ ಕಾಲದಲ್ಲಿ ಮೂರು ಸಾವಿರ ಜನರ ಭವನ ಎಲ್ಲಿತ್ತು? ಬೆಳಗಾವಿ ಜಿಲ್ಲೆಯ ಸುಳೇಭಾವಿಯ ಹುಡುಗ ಕುಮಾರ ಗಂಧರ್ವರು ಬಿ.ಆರ್. ದೇವಧರರ ಶಾಲೆಗೆ ಕಲಿಯಲು ಬಂದರು. ಮಲ್ಲಿಕಾರ್ಜುನ ಮನ್ಸೂರರಿಗೆ ಮಂಜಿಖಾನರ ಪಾಠ ಸಿಕ್ಕಿದ್ದು ಇಲ್ಲಿ. ಭೀಮಸೇನ ಜೋಶಿ 1943ರಲ್ಲಿ ಬಂದು ರೇಡಿಯೊ ಕಲಾವಿದರಾದರು. ಆಗ ಸಂಗೀತ ನಡೆಯುತ್ತಿದ್ದದ್ದು ಮ್ಯೂಸಿಕ್ ಸರ್ಕಲ್‌ಗಳ ಬೈಠಕ್‌ಗಳಲ್ಲಿ, ಗಿರಗಾಂವದ ಸಣ್ಣ ಸಭಾಗೃಹಗಳಲ್ಲಿ, ಉಳ್ಳವರ ಮನೆಯ ಹಜಾರಗಳಲ್ಲಿ. ಕೇಳುವವರು ಕೈಯಳತೆಯಲ್ಲಿ ಕೂತಿರುತ್ತಿದ್ದರು. ಸ್ವರ ಜಾರಿದರೆ ಹಾಡುವವರಿಗೆ ಅವರ ಮುಖದಲ್ಲೇ ಕಾಣುತ್ತಿತ್ತು.

ಇಂಥ ಸಭಾಂಗಣ ನಡೆಸುವುದು ಸುಲಭವಲ್ಲ. ಕನ್ನಡದ ಕಾರ್ಯಕ್ರಮಕ್ಕೆ ಹೆಚ್ಚಾಗಿ ಟಿಕೆಟ್ ಇರುವುದಿಲ್ಲ. ವಿದ್ಯುತ್, ಧ್ವನಿವರ್ಧಕ, ಕಸ ಗುಡಿಸುವವರ ಸಂಬಳಕ್ಕೆ ರಜೆ ಇಲ್ಲ. ಇದೇ ವೇದಿಕೆಯಲ್ಲಿ ಹಿಂದಿ, ಮರಾಠಿ ನಾಟಕಗಳೂ ಆಗುತ್ತವೆ. ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗದ ಜತೆ ಸೇರಿ ದತ್ತಿ ಉಪನ್ಯಾಸಗಳು ನಡೆಯುತ್ತವೆ. 'ನೇಸರು' ಎಂಬ ಮಾಸಪತ್ರಿಕೆಯೂ ಇಲ್ಲಿಂದ ಹೊರಡುತ್ತದೆ. ಕಚೇರಿ ಮುಗಿಸಿ ಲೋಕಲ್ ಹಿಡಿದು ಬರುವ ಕೆಲವರು ಸಂಬಳವಿಲ್ಲದೆ ಇಷ್ಟೆಲ್ಲ ಎಳೆದುಕೊಂಡು ಹೋಗುತ್ತಿದ್ದಾರೆ.

ಆ ಸಂಜೆ ನಾವು ಬೇಗನೇ ಹೋದೆವು. ಹಾರ್ಮೋನಿಯಂನವರು ಆಗಲೇ ಬಂದಿದ್ದರು, ತಬಲದವರು ದಾದರ್‌ನಲ್ಲಿ ಟ್ರಾಫಿಕ್ಕಿಗೆ ಸಿಕ್ಕಿದ್ದರು. ಕಾರ್ಯಕ್ರಮ ಶುರುವಾದಾಗ ಸುಮ್ಮನೆ ತಲೆ ಎಣಿಸಿದೆ. ನಲವತ್ತೊಂದು. ಅದರಲ್ಲಿ ನಾವೇ ಮೂವರು. ಬಹುಪಾಲು ನರೆತ ತಲೆಗಳು. ಇಷ್ಟೇ ಜನರಿಗಾಗಿ ಇಷ್ಟೊಂದು ತಯಾರಿಯೇ ಎನಿಸಿತು.

ಮಗಳು ಹಾಡಿದಳು. ಶ್ರುತಿ ತಪ್ಪಲಿಲ್ಲ, ಚಪ್ಪಾಳೆ ಬಂತು. ಅವಳು ಕೆಳಗಿಳಿದಾಗ ಮೊದಲ ಸಾಲಿನಲ್ಲಿದ್ದ ಒಬ್ಬ ಅಜ್ಜಿ ಕೈಸನ್ನೆ ಮಾಡಿ ಕರೆದರು. ಎಂಬತ್ತರ ಹತ್ತಿರ ಇದ್ದೀತು, ಮಾತು ಅಪ್ಪಟ ಧಾರವಾಡದ್ದು. "ಭಾಳ ಚೊಲೋ ಹಾಡಿದಿ ನೋಡವಾ. ಆದ್ರ ಅದು 'ಓಲವು' ಅಲ್ಲ, 'ಒಲವು'. 'ಬೇಳಕು' ಅಲ್ಲ, 'ಬೆಳಕು'. ಯಾಕ ಹಂಗ ಎಳೀತಿ?"

ಮಗಳ ಮುಖ ಸಪ್ಪಗಾಯಿತು. ನನಗೂ ಸಣ್ಣಗೆ ಸಿಟ್ಟು ಬಂತು, ಮಗುವಿಗೆ ಇವತ್ತೇ ಹೇಳಬೇಕಿತ್ತೇ ಎಂದು. ಆಮೇಲೆ ಅವಳ ಕೈಯಲ್ಲಿದ್ದ ಹಾಳೆ ನೋಡಿದೆ. ದೇವನಾಗರಿಯಲ್ಲಿ ಹ್ರಸ್ವ ಎಕಾರ, ಹ್ರಸ್ವ ಒಕಾರಕ್ಕೆ ರೂಢಿಯ ಅಕ್ಷರವೇ ಇಲ್ಲ. ಇರುವುದು ಏ ಮತ್ತು ಓ ಮಾತ್ರ. ಹಾಗಾಗಿ ಅವಳು ಬರೆದುಕೊಂಡದ್ದೆಲ್ಲ ದೀರ್ಘ, ಹಾಡಿದ್ದೂ ದೀರ್ಘ. ತಪ್ಪು ಅವಳ ಗಂಟಲಿನದಾಗಿರಲಿಲ್ಲ. ಎರಡು ವಾರ ಅದೇ ಹಾಡು ಕೇಳಿಯೂ ನನ್ನ ಕಿವಿಗೆ ಅದು ಹತ್ತಿರಲಿಲ್ಲ ನೋಡಿ! ಹನ್ನೊಂದು ವರ್ಷದಲ್ಲಿ ನನ್ನ ಕನ್ನಡದ ಕಿವಿಯೂ ಮೊಂಡಾಗಿತ್ತು.

ಅಜ್ಜಿ ಅಲ್ಲಿಗೇ ಬಿಡಲಿಲ್ಲ. ಪರ್ಸಿನಿಂದ ಪೆನ್ನು ತೆಗೆದು ಆಮಂತ್ರಣ ಪತ್ರಿಕೆಯ ಹಿಂದೆ ನಾಲ್ಕು ಅಕ್ಷರ ಬರೆದರು: ಎ, ಏ, ಒ, ಓ. ಒಂದೊಂದನ್ನೂ ಹೇಳಿಸಿದರು. ಮೂರನೇ ಸಲಕ್ಕೆ ಮಗಳು ನಕ್ಕಳು.

ಮನೆಗೆ ಬರುವ ದಾರಿಯಲ್ಲಿ ಷಣ್ಮುಖಾನಂದದ ದೀಪಗಳು ಕಂಡವು. ಅಲ್ಲಿ ಯಾರದೋ ದೊಡ್ಡ ಕಛೇರಿ ಮುಗಿದು ಜನ ಹೊರಬರುತ್ತಿದ್ದರು. ನನ್ನ ಮಗಳು ಅಲ್ಲಿ ಹಾಡಿದ್ದರೆ ಆ 'ಒಲವು' ಮೂರು ಸಾವಿರ ಜನರ ನಡುವೆ ಕರಗಿ ಹೋಗುತ್ತಿತ್ತು. ಯಾರೂ ಕರೆದು ತಿದ್ದುತ್ತಿರಲಿಲ್ಲ. ಒಂದು ಭಾಷೆ ಊರು ಬಿಟ್ಟು ಬಂದ ಮೇಲೆ ಉಳಿಯಬೇಕಾದರೆ ತಪ್ಪು ಕೇಳಿಸುವಷ್ಟು ಹತ್ತಿರ ಯಾರಾದರೂ ಕೂತಿರಬೇಕು. ನಲವತ್ತೊಂದು ಜನ ಕಡಿಮೆ ಎಂದುಕೊಂಡಿದ್ದೆ. ಅವತ್ತು ಬೇಕಾದದ್ದು ಒಬ್ಬರೇ.

1926ರಿಂದ ಲೆಕ್ಕ ಹಾಕಿದರೆ 2026ಕ್ಕೆ ಈ ಸಂಸ್ಥೆಗೆ ನೂರು ವರ್ಷ. ಮೊದಲ ಸಾಲಿನಲ್ಲಿ ಕೂರುವ ಹಿರಿಯರು ಒಬ್ಬೊಬ್ಬರೇ ಕಡಿಮೆಯಾಗುತ್ತಿದ್ದಾರೆ. ಅವರ ಕುರ್ಚಿಗೆ ಯಾರು ಬರುತ್ತಾರೆ? ದೆಹಲಿ, ಪುಣೆ, ಚೆನ್ನೈ, ದುಬೈ, ನೀವಿರುವ ಊರಿನಲ್ಲೂ ಇಂಥದ್ದೊಂದು ಸಭಾಂಗಣ ಇದ್ದೇ ಇರುತ್ತದೆ. ನನ್ನ ಹಾಗೆ ಹನ್ನೊಂದು ವರ್ಷ ಬೋರ್ಡು ನೋಡುತ್ತಾ ಹೋಗಬೇಡಿ.

ಆ ಆಮಂತ್ರಣ ಪತ್ರಿಕೆ ಈಗ ನಮ್ಮ ಫ್ರಿಜ್ಜಿನ ಬಾಗಿಲ ಮೇಲಿದೆ. ನಾಲ್ಕು ಅಕ್ಷರದಿಂದ ಶುರುವಾದದ್ದು ಕಾಗುಣಿತಕ್ಕೆ ಬಂದಿದೆ. ಮೊನ್ನೆ ಮಗಳು ಮುಂದಿನ ಹಾಡನ್ನು ಕನ್ನಡ ಅಕ್ಷರದಲ್ಲೇ ಬರೆದುಕೊಂಡಳು. ಐದು ತಪ್ಪಿದ್ದವು. ಈ ಸಲ ನಾನೇ ಪಕ್ಕದಲ್ಲಿ ಕೂತು ತಿದ್ದಿದೆ.